ದೂರ ಇನ್ನೂರ ಐವತ್ತು

ತುಶೇತಿಯ ಬೆಟ್ಟಗಳಲ್ಲಿ ದಾರಿಗಳನ್ನೆಲ್ಲ
ಮೊದಲು ಕೈಯಲ್ಲೇ ಬರೆದವನು ಬಿದ್ಜಿನಾ.
ಪಾರ್ಸ್ಮಾಕ್ಕೆ ಹೋಗುವುದೆಲ್ಲ ದಾರ್ತ್ಲೋ ಮೇಲೆ ಹೋಗಲಿ
ಎಂದು ಒಂದೊಂದೇ ಸಾಲು, ಒಂದೊಂದೇ ರೌಟರಿಗೆ,
ಮೇಷ್ಟರು ಕಾಪಿ ತಿದ್ದಿಸಿದ ಹಾಗೆ.
ಕಂಬವೊಂದು ಬಿದ್ದರೆ
ಕುದುರೆ ಏರಿ ಹೋಗಿ, ಬೆರಳಿಗೆ ಉಸಿರು ಊದಿಕೊಂಡು
ಸಾಲು ಅಳಿಸಿ ಸಾಲು ಬರೆದು ಬರುತ್ತಿದ್ದ.
ಅಷ್ಟರಲ್ಲಿ ಎರಡು ದಿನ.

ನಾನು ಆಮೇಲೆ ಬಂದವಳು, ಲಾಮ್ಜಿರಾ, ತೆಲಾವಿಯಲ್ಲಿ ಕಲಿತವಳು.
ದಾರಿ ಬರೆಯುವುದು ಬೇಡ, ಅಂದೆ,
ಮಾತಾಡುವುದನ್ನು ಕಲಿಸೋಣ.
ಹತ್ತು ಸೆಕೆಂಡಿಗೊಮ್ಮೆ ಪಕ್ಕದ ಕಂಬಕ್ಕೆ ಒಂದು ಹಲೋ.
ನಲವತ್ತು ಸೆಕೆಂಡು ಸದ್ದಿಲ್ಲದಿದ್ದರೆ
ಸತ್ತ ಅಂತ ಲೆಕ್ಕ.
ಊರಿಗೆಲ್ಲ ಸುದ್ದಿ; ಪ್ರತಿಯೊಬ್ಬನೂ
ತನ್ನ ತಲೆಯೊಳಗಿನ ನಕ್ಷೆ ತಿದ್ದಿಕೊಂಡು
ಬೇರೆ ದಾರಿ ಹಿಡಿಯುತ್ತಾನೆ.

"ನಲವತ್ತು ಸೆಕೆಂಡಾ?" ಬಿದ್ಜಿನಾ ನಕ್ಕ,
ಚೀಸಿನ ತುಂಡು ಇನ್ನೂ ಬಾಯಲ್ಲೇ ಇತ್ತು.
"ನನ್ನ ತಮ್ಮ ಮಾತು ಬಿಟ್ಟು ಹನ್ನೊಂದು ವರ್ಷ.
ಸತ್ತ ಅಂತ ನಾನು ಬರೆದುಕೊಂಡಿಲ್ಲ."

ಒಂದು ನಿಯಮ ಮಾತ್ರ ಅವನಿಗೆ ಹಿಡಿಸಿತು:
ನಿನ್ನ ಅಂಗಳದ್ದನ್ನಷ್ಟೇ ನೀನು ಹೇಳು,
ಪರರದ್ದನ್ನು ಕೇಳಿದ ಹಾಗೇ ದಾಟಿಸು,
ಉಪ್ಪುಖಾರ ಹಚ್ಚಬೇಡ.
"ಇದನ್ನು ಮೊದಲು
ನಮ್ಮ ಒಮಾಲೋ ಗಂಡಸರಿಗೆ ಕಲಿಸು."

ಬೇಸಿಗೆಯಿಡೀ ಕಂಬಗಳು ಮಾತಾಡಿಕೊಂಡವು.
ಬಿದ್ಜಿನಾ ಮೊಣಕಾಲು ನೋವೆಂದು ಅಲ್ವಾನಿಗೆ ಇಳಿದ.

ಅಕ್ಟೋಬರಿನ ಮೊದಲ ಹಿಮಕ್ಕೆ
ದಾರ್ತ್ಲೋದಿಂದಾಚೆಯ ಕೊಂಡಿ ಕಳಚಿತು.
ಪಾರ್ಸ್ಮಾದಲ್ಲಿ ನರ್ಸ್ ಮ್ಜೆಕಾಲಾ
ಟಗರು ಗುಮ್ಮಿದ ಹುಡುಗನ ಪಕ್ಕೆಲುಬು ಮುಟ್ಟಿ ನೋಡುತ್ತ
ಕೆಳಗಿನ ಡಾಕ್ಟರ ಜೊತೆ ಮಾತಾಡುತ್ತಿದ್ದಳು.
ನಲವತ್ತು ಸೆಕೆಂಡು ನಿಶ್ಶಬ್ದ.
ಆಮೇಲೆ ಕುರಿದೊಡ್ಡಿಯ ಮೇಲಿನ ಕಂಬ ಹಿಡಿದು
ಅವಳ ಮಾತು ಇಳಿದು ಬಂತು.
ಡಾಕ್ಟರ ಮಾತು ಹತ್ತಲಿಲ್ಲ.
"ಉಸಿರೆಳೆದರೆ ನೋವು ಅನ್ನುತ್ತಾನೆ. ಕೇಳುತ್ತಿದೆಯಾ?
ಕೇಳುತ್ತಿದೆಯಾ?"
ಕೇಳುತ್ತಿತ್ತು. ಅದೇ ಕಷ್ಟ.

ನಾನು ಜಾಡು ಹಿಡಿದೆ:
ಒಮಾಲೋ, ದಾರ್ತ್ಲೋ, ಒಮಾಲೋ, ದಾರ್ತ್ಲೋ,
ಒಮಾಲೋ,
ಕಚೇರಿಯಲ್ಲಿ ಆ ಟೇಬಲ್ಲಿಗೆ ಹೋಗಿ, ಈ ಟೇಬಲ್ಲಿಗೆ ಹೋಗಿ
ಅಂದ ಹಾಗೆ.
ಒಂದೊಂದು ಹೆಜ್ಜೆಗೆ ಒಂದೊಂದು ಆಯಸ್ಸು ಕಳೆದು
ಅರವತ್ತನಾಲ್ಕನೆಯದಕ್ಕೆ
ಮಾತು ನಡುದಾರಿಯಲ್ಲಿ ಪ್ರಾಣ ಬಿಡುತ್ತಿತ್ತು.

ಒಮಾಲೋದ ಹೊಟ್ಟೆಯಲ್ಲಿ ಒಂದು ಹಳೆಯ ಸಾಲು ಉಳಿದುಬಿಟ್ಟಿತ್ತು.
ಪಾರ್ಸ್ಮಾಕ್ಕೆ ದಾರ್ತ್ಲೋ ಮೇಲೆ, ಅಷ್ಟೇ.
ನೆರೆಯವರೆಲ್ಲ ಒಕ್ಕೊರಲಿನಿಂದ ಕೂಗಿದರೂ
ಕೈಬರಹದ ಮೇಲೇ ರೌಟರಿಗೆ ನಂಬಿಕೆ:
ಅದರ ದೂರ ಒಂದು, ನೆರೆಯವರ ಮಾತಿಗೆ ನೂರ ಹತ್ತು.
ಯಂತ್ರ ಮಾಡಿದವರೇ ಇಟ್ಟ ಪಂಕ್ತಿಭೇದ.
ಸಾಲಿನ ಕೊನೆಗೊಂದು ಹೆಸರು: ಲುರ್ಜಾ.

ಲುರ್ಜಾ, ಬೂದು ಕುದುರೆ. ನಾನು ಕಂಡಿಲ್ಲ.
ತಡಿ ಕಂಡಿದ್ದೇನೆ, ಬಿದ್ಜಿನಾನ ಅಟ್ಟದಲ್ಲಿ,
ಬ್ಯಾಟರಿಯ ಆಸಿಡ್ ಚೆಲ್ಲಿ ತೂತಾದದ್ದು.

ಅಳಿಸಲು ಹೋದ ಬೆರಳು ನಿಂತಿತು.
ಅಳಿಸಲಿಲ್ಲ. ದೂರವನ್ನಷ್ಟೇ ಬದಲಿಸಿದೆ:
ಇನ್ನೂರ ಐವತ್ತು.
ಅಂದರೆ, ಮೊದಲು ಬದುಕಿದವರನ್ನು ಕೇಳು;
ಯಾರೂ ಹಲೋ ಅನ್ನದ ದಿನ, ನಕ್ಷೆ ಬರಿದಾದ ದಿನ,
ಕುದುರೆಯನ್ನು ಕೇಳು.

ಎಂಟರ್.
"...ಬಟ್ಟೆ ಬಿಗಿಯಾಗಿ ಸುತ್ತಬೇಡ" ಎಂದು
ಡಾಕ್ಟರ ದನಿ ಅರ್ಧ ವಾಕ್ಯದಿಂದ ಹತ್ತಿ ಹೋಯಿತು.
ಮ್ಜೆಕಾಲಾ ಅತ್ತಳೋ, ಬೈದಳೋ,
ಲಿಂಕಿನ ತುಂಬ ಗೊರಗೊರ.

ಮರುದಿನ ಫೋನಿನಲ್ಲಿ ಬಿದ್ಜಿನಾನಿಗೆ ಹೇಳಿದೆ.
"ಇನ್ನೂರ ಐವತ್ತು ಅಂದರೆ ಎಷ್ಟು ಕಿಲೋಮೀಟರು?"
ಕಿಲೋಮೀಟರಲ್ಲ, ಅಂದೆ.
ಪಂಕ್ತಿಯಲ್ಲಿ ಕೊನೆಯ ಜಾಗ. ಆದರೂ ಜಾಗ.

ಆ ಕಡೆ ಮೌನ.
ಅಭ್ಯಾಸಬಲ, ನಾನು ಎಣಿಸತೊಡಗಿದೆ.
ಮೂವತ್ತೇಳಕ್ಕೆ
ಕೆಮ್ಮಿದ.