ಹಳದಿ ಚಿಪ್ಪು

ಕೋಡಿಬಾಗದ ಸೀಮೆಎಣ್ಣೆ ಡಿಪೋದ ತಗಡಿನ ಮೇಲೆ
ಚಿಪ್ಪು ಬರೆದವನು ನಮ್ಮ ಮಾವ, ವಿಠೋಬ ತಾಂಡೇಲ.
ಏಣಿ ಹಿಡಿದವನು ನಾನು.
ಬರ್ಮಾ ಶೆಲ್ಲಿನವರು ಕಳಿಸಿದ ಕಾಗದದಲ್ಲಿ ಅಳತೆಯಿತ್ತು:
ಇಷ್ಟೇ ಗೆರೆ, ಇಂಥದೇ ಹಳದಿ, ಅಂಚಿಗೆ ಕೆಂಪು.

ಕಾಳಿಯ ಅಳಿವೆಯಲ್ಲಿ ಬೆಳಚು ಹೆಕ್ಕುವ ಸೇವಂತಿ
ಕೆಸರುಗಾಲಲ್ಲೇ ನಿಂತು ತಲೆಯೆತ್ತಿ ನಕ್ಕಳು:
"ಇದರೊಳಗಿನ ಮಾಂಸ ಎಲ್ಲಿ ಮಾರಾಯಾ?"
ಮಾವ ಕುಂಚ ಒರೆಸುತ್ತ ಅಂದ:
"ಮಾಂಸ ಲಂಡನ್ನಿಗೆ ಹೋಗ್ತದೆ.
ನಮ್ಮ ಕೈಗೆ ಚಿಪ್ಪು."

ಎಪ್ಪತ್ತಾರರ ಜನವರಿ. ರೇಡಿಯೋ ಹೇಳಿತು,
ಎಣ್ಣೆ ಇನ್ನು ದೇಶದ್ದು.
ಏಜೆಂಟ್ ಪುಂಡಲೀಕ ಶಾನಭಾಗರು ಪೇಡೆ ಹಂಚಿದರು,
ಯಾಕೆಂದು ತಮಗೂ ಸರಿಯಾಗಿ ತಿಳಿಯದೆ.
ಹುಬ್ಬಳ್ಳಿಯಿಂದ ಸಾಹೇಬ ಬಂದ.
ಹೋದ ವರ್ಷ ಬಂದವನೇ, ಅದೇ ಚರ್ಮದ ಚೀಲ,
ಟೈ ಒಂದಿರಲಿಲ್ಲ.
"ಚಿಪ್ಪು ಅಳಿಸಿ," ಎಂದ.

ಕಂಪನಿ ಇದ್ದಾಗ ಕೈಮೇಲೆ ನಗದು.
ಸರ್ಕಾರಕ್ಕೆ ಮೂರು ಕೊಟೇಶನ್ ಬೇಕು.
ಕೇರಿಗೆಲ್ಲ ಪೇಂಟರು ಒಬ್ಬನೇ.
ಮಾವ ಮೂರನ್ನೂ ತಾನೇ ಬರೆದ:
ತನ್ನದೊಂದು, ನನ್ನದೊಂದು, ತೀರಿಕೊಂಡ ಅಜ್ಜನದೊಂದು.
ಅಜ್ಜನ ದರ ಕಡಿಮೆ ಬಿತ್ತು, ಕೆಲಸ ಅಜ್ಜನಿಗೇ ಸಿಕ್ಕಿತು.
ಬಿಲ್ ಪಾಸಾಗಲು ಅವನ ಸಹಿ ಬೇಕಿತ್ತು.
ಇನ್ನೂ ಬೇಕು.

ಲಾರಿ ಮೊದಲಿನಂತೆ ಅರೆಬೈಲು ಘಟ್ಟ ಇಳಿದು ಬಂತು,
ಟ್ಯಾಂಕಿನ ಮೇಲೆ ಹೊಸ ಬಣ್ಣ,
ಸ್ಟೇರಿಂಗಿನ ಹಿಂದೆ ಅದೇ ಹುಸೇನ್ ಸಾಬರ ಕೆಮ್ಮು.
ಸೇವಂತಿ ಲಾಟೀನಿನ ಗಾಜು ತಿರುಗಿಸಿ ನೋಡಿದಳು:
"ಸರ್ಕಾರದ ಎಣ್ಣೆಗೂ ಮಸಿಯೇ ಹಿಡೀತದಲ್ಲ."

ಆದರೂ ಹೇಳಬೇಕಾದ್ದು ಹೇಳಬೇಕು.
ಅವಳ ಕಾರ್ಡಿನಲ್ಲಿ ಲೀಟರು ಇಷ್ಟು ಎಂದು ಬರೆದುಕೊಟ್ಟರು.
ಬರೆದದ್ದರಲ್ಲಿ ಅರ್ಧ ಬಂತು.
ಮೊದಲು ಬರೆದೇ ಇರಲಿಲ್ಲ.
ಉಳಿದರ್ಧಕ್ಕೆ ಜಗಳವಾಡಲು ಅವಳಿಗೆ
ಒಂದು ಕಾಗದ ಸಿಕ್ಕಿತು, ಒಂದು ಕಿಟಕಿ ಸಿಕ್ಕಿತು.
ಲಂಡನ್ನಿನ ಕಿಟಕಿ ಎಲ್ಲಿದೆಯೋ ಯಾರಿಗೆ ಗೊತ್ತಿತ್ತು?

ಕಡಲಗಾಳಿಗೆ ಇದೆಲ್ಲ ಲೆಕ್ಕವಿಲ್ಲ.
ಮೂರು ಮಳೆ ಕಳೆಯುವಷ್ಟರಲ್ಲಿ ಉಪ್ಪು ಹೊಸ ಬಣ್ಣವನ್ನು
ಹಪ್ಪಳದಂತೆ ಎಬ್ಬಿಸಿತು.
ಒಳಗಿಂದ ಹಳದಿ, ಒಂದೊಂದೇ ಗೆರೆ.
ಸಾಹೇಬನ ತಂತಿ ಬಂತು. ಮತ್ತೆ ಬಳಿದೆವು.
ಮತ್ತೆ ಎದ್ದಿತು.
ಮಾವ ಹಳೆಯ ಕೆಲಸಕ್ಕೆ ಹಾಕಿದ ಬಣ್ಣ ಅಷ್ಟು ಒಳ್ಳೆಯದಿತ್ತು;
ಅದೂ ಲಂಡನ್ನಿನದೇ.

ಈಗ ಬೈತಖೋಲದ ದಕ್ಕೆಯಲ್ಲಿ
ಬೋಟಿಗೆ ಡೀಸೆಲ್ ತುಂಬಿಸುವ ಹುಡುಗರು ಮಾತಾಡುತ್ತಾರೆ,
ಕಂಪನಿಯನ್ನು ಮತ್ತೆ ಮಾರ್ತಾರಂತೆ.
ಯಾರಿಗೆ? ಕೊಳ್ಳುವವರಿಗೆ.
ನಾನು ಮನೆಗೆ ಬಂದು ಏಣಿ ಅಲುಗಿಸಿ ನೋಡಿದೆ. ಗಟ್ಟಿಯಾಗೇ ಇದೆ.
ಮಾವ ಹೋಗಿ ಹನ್ನೊಂದು ವರ್ಷ.
ಸತ್ತವರು ಇಬ್ಬರು, ನಾನೊಬ್ಬ.
ಕೊಟೇಶನ್ ಮೂರೂ ತಯಾರಿದೆ.