ಕಾದ ಕಬ್ಬಿಣ

ಓಹಿಯೋದಲ್ಲಿ ಒಂದು ಊರು, ಹೆಸರು ಟಿಫಿನ್.
ನಗಬೇಡಿ, ನಕಾಶೆಯಲ್ಲೇ ಇದೆ.
ಅಲ್ಲಿ ಆರ್ಡಿತ್ ಕ್ಲಿಂಗಮನ್
ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ
ದಿನಕ್ಕೆ ನಾನೂರು ತಟ್ಟೆ ತುಂಬಿಸಿ
ಈಗ ತನ್ನೊಬ್ಬಳಿಗೆ ಏನು ಬೇಯಿಸುವುದೆಂದು
ಡಬ್ಬಿಯ ಸೂಪಿನಲ್ಲೇ ದಿನ ದೂಡುತ್ತಾಳೆ.

ಮನೆಯಲ್ಲಿ ಒಲೆಗಳು ಮಾತ್ರ ಹನ್ನೊಂದು.
ಎಲ್ಲ ಎರಕದ ಕಬ್ಬಿಣ, ಎಲ್ಲ ಗೇಣುದ್ದ,
ನೂರು ವರ್ಷದ ಹಿಂದಿನ ಹುಡುಗಿಯರ ಆಟದವು:
ಬೆರಳು ಗಾತ್ರದ ಹೊಗೆಕೊಳವೆ,
ಕಿರ್ರೆಂದು ತೆರೆವ ಬಾಗಿಲು.
ಒಂದರ ನೆತ್ತಿಯಲ್ಲಿ ಪಾಚಿ ಬೆಳೆಸಿದ್ದಾಳೆ.
ಒಂದರ ಹೊಟ್ಟೆಯಲ್ಲಿ ಕಾರಿನ ಕೀಲಿ.
ನಾಲ್ಕು ಕಣ್ಣಿನದು ಮಂಚದ ಪಕ್ಕ:
ಬಿಪಿ, ಥೈರಾಯ್ಡು, ಮಂಡಿನೋವು,
ನಾಲ್ಕನೆಯ ಕಣ್ಣಲ್ಲಿ ಪೆಪ್ಪರ್‌ಮಿಂಟು.

ಹರಾಜಿನಲ್ಲಿ ಅವಳಿಗೆ ಟೋಪಿ ಹಾಕಲಾಗದು.
ತಲೆಕೆಳಗು ಹಿಡಿದು, ತಳಕ್ಕೆ ಹೆಬ್ಬೆರಳು ಸವರಿ,
"ತರಿತರಿ. ನಿನ್ನೆ ಮೊನ್ನೆಯದು.
ಸ್ಕ್ರೂ ನೋಡಿ, ತಲೆಯಲ್ಲಿ ಕೂಡಿಸುವ ಗುರುತು.
ಆ ಕಾಲದ್ದಕ್ಕೆ ಒಂದೇ ಗೀಟು" ಎಂದರೆ
ಕೂಗುವವನ ಬಾಯಿಗೆ ಬೀಗ.

ಹನ್ನೊಂದನೆಯದಕ್ಕೆ ಮೂರೇ ಕಾಲು.
ಯಾರದೋ ಅಟ್ಟ ಖಾಲಿ ಮಾಡುವಾಗ
ತುಕ್ಕು ಹಿಡಿದ ಸ್ಕೇಟುಗಳ ಜತೆ ಹನ್ನೆರಡು ಡಾಲರಿಗೆ ಬಂದದ್ದು.
ಇಲ್ಲದ ಕಾಲಿಗೆ ಡಾಮಿನೊ ಬಿಲ್ಲೆ ಒತ್ತುಕೊಟ್ಟು
ಒಳಗೆ ಕಿರುಬೆರಳಾಡಿಸಿದಳು.
ಬೆರಳು ಕಪ್ಪಾಯಿತು. ತುಕ್ಕು ಕೆಂಪಲ್ಲವೇ?
ಮೂಸಿದಳು. ಮಸಿ!
ಯಾವಳೋ ಪೋರಿ, ದೊಡ್ಡವರ ಕಣ್ಣು ತಪ್ಪಿಸಿ
ನಿಜವಾಗಿ ಬೆಂಕಿ ಹಾಕಿದ್ದಾಳೆ.
ಮೂಲೆಗೆ ಕಚ್ಚಿಕೊಂಡು
ಕರಿಕಾದ ಒಂದು ಸೇಬಿನ ಬೀಜ.
ಆರ್ಡಿತಳ ಎಣ್ಣೆಬಟ್ಟೆ ಅದರೊಳಕ್ಕೆ ಈವರೆಗೂ ಹೋಗಿಲ್ಲ.

ಜನವರಿಯ ಒಂದು ರಾತ್ರಿ, ಹಿಮದ ಭಾರಕ್ಕೆ
ತಂತಿ ಹರಿದು ಊರೆಲ್ಲ ಕತ್ತಲು.
ಸೂಪು ಬಿಸಿಯಾಗುವಂತಿಲ್ಲ,
ಫ್ರಿಜ್ಜು ಕೂಡ ಗೊಣಗುವುದ ನಿಲ್ಲಿಸಿದೆ.
ಹುಟ್ಟುಹಬ್ಬದಲ್ಲುಳಿದ ಮೇಣದಬತ್ತಿಯ ತುಂಡು
ಮೂರುಕಾಲಿನದರ ಒಡಲಿಗಿಟ್ಟಳು.
ಜಾಲರಿಯಿಂದ ಉಗುರಗಲ ಬೆಳಕು
ಮೇಜಿನ ಮೇಲೆ ಬಿತ್ತು.
ಬಾಣಲೆಯೂ ಇತ್ತಲ್ಲ, ಕೋಟಿನ ಗುಂಡಿಯಷ್ಟು;
ಅದಕ್ಕೊಂದು ಚೂರು ಬೆಣ್ಣೆ.

ಹನ್ನೊಂದೂವರೆಯ ಗಂಟೆಗೆ ನಾನೂರು ಮಂದಿಗೆ
ಬಿಸಿಬಿಸಿ ಬಡಿಸುತ್ತಿದ್ದವಳು
ಕೋಟು ತೊಟ್ಟು, ಕೈಗಳ ತೊಡೆ ನಡುವೆ ಅದುಮಿ
ಬೆಣ್ಣೆಯ ಒಂದು ಚೂರು ಅಂಚು ಬಿಡಲೆಂದು ಕಾದಳು.
ಅವಳು ಕಾದಷ್ಟು ಹೊತ್ತೂ
ಕಬ್ಬಿಣವೂ ಕಾಯುತ್ತಿತ್ತು.

ಬ್ರೆಡ್ಡಿನ ಮೂಲೆ ಅದ್ದಿ ಬಾಯಿಗಿಟ್ಟು
ಕತ್ತಲಿಗೆ ಹೇಳಿದಳು:
"ಉಪ್ಪು ಸಾಲದು, ಪೋರಿ."