ಇಪ್ಪತ್ತು ಕಿಲೋದೊಳಗೆ

ಶಾರ್ಜಾದಾಚೆ, ಕಸದ ಗೇಟಿನಲ್ಲಿ
ಲಾರಿ ತೂಗುವುದು ನನ್ನ ಕೆಲಸ.
ಮೊದಲು ಎಲ್ಲ ಹೂಳುತ್ತಿದ್ದರು.
ಗಾಳಿ ಬಂದರೆ ಚೀಲಗಳೆದ್ದು
ಬೇಲಿಗೆ ಜೋತುಬೀಳುತ್ತಿದ್ದವು, ಒಣಮೀನಿನ ಹಾಗೆ.

ಈಗ ಸುಡುತ್ತಾರೆ.
ಹೋದ ವಾರ ತೂಗಿದ ಡಯಾಪರು, ಹಳಸಿದ ಬಿರಿಯಾನಿ, ಮುರಿದ ಸೋಫಾ
ಇವತ್ತು ತಂತಿಯಲ್ಲಿ ಹರಿದು ಬಂದು
ನನ್ನ ರೂಮಿನ ಎಸಿ ತಿರುಗಿಸುತ್ತವೆ.
ತಣ್ಣಗೆ ಮಲಗುತ್ತೇನೆ, ಸುಳ್ಳು ಯಾಕೆ.
ಬೂದಿಗೂ ಗುಂಡಿ ಬೇಕು; ಅದನ್ನೂ ನಾನೇ ತೂಗುತ್ತೇನೆ.

ನಿನ್ನೆ ಒಂಟೆ ಕಾಯುವ ಗುಲ್‌ಜಮಾನ್ ಬಂದ,
ಸತ್ತ ಒಂಟೆಯ ಹೊಟ್ಟೆಯಿಂದ ತೆಗೆದ ಗಡ್ಡೆ ಹೊತ್ತು:
ಹಳೇ ಚೀಲಗಳೇ, ಉಪ್ಪುಗಟ್ಟಿ ಕಲ್ಲಾಗಿ;
ಒಂದರ ಮೇಲೆ ಅಂಗಡಿಯ ಹೆಸರು ಇನ್ನೂ ಹಸಿರು.
ತೂಗು, ಅಂದ.
ಲಾರಿಯ ತಕ್ಕಡಿ ಇದು, ಇಪ್ಪತ್ತು ಕಿಲೋದೊಳಗೆ ಏನಿಟ್ಟರೂ
ಸೊನ್ನೆ.

ಚೀಟಿ ನೋಡಿ ಕೇಳಿದ:
ಸುಡುವುದಾ, ಹೂಳುವುದಾ?
ಹಿಂದೆ ಲಾರಿ ಹಾರ್ನ್ ಹೊಡೆಯಿತು.